ಕೊರ್ಡೊಬಾದಲ್ಲಿ ಎಕ್ಸೆಲ್ ಶೀಟ್ ಕರಗಿದ್ದು

"ನಾಲ್ಕು ಗಂಟೆ. ರೋಮನ್ ಸೇತುವೆ," ಎಂದ ಎಕ್ಸೆಲ್, ಫೋನಿನಿಂದ ತಲೆ ಎತ್ತದೆ.

"ಸೇತುವೆ ಎರಡು ಸಾವಿರ ವರ್ಷದಿಂದ ಅಲ್ಲೇ ನಿಂತಿದೆ. ರಾತ್ರಿ ಒಂಬತ್ತಕ್ಕೂ ಇರುತ್ತದೆ. ಸುಮ್ನೆ ಕೂತುಕೋ," ಎಂದಳು ಪಮ್ಮಿ.

"ಕಟ್ಟಿದ್ದು ರೋಮನ್ನರೇ. ಆದರೆ ಎಷ್ಟು ಸಲ ರಿಪೇರಿ ಆಗಿದೆ ಎಂದರೆ ಈಗ ಅದರಲ್ಲಿ ರೋಮನ್ ಕಲ್ಲನ್ನು ಹುಡುಕಬೇಕು," ಎಂದರು ಮೇಷ್ಟ್ರು. ಮೇಷ್ಟ್ರು ರಿಟೈರ್ ಆಗಿದ್ದಾರೆ. ಅವರ ಇತಿಹಾಸದ ಪಿರಿಯಡ್ ಮಾತ್ರ ಇನ್ನೂ ನಡೆಯುತ್ತಿದೆ.

ನಾವು ನಾಲ್ವರೂ ಕೂತಿದ್ದು ಸ್ಪೇನಿನ ಕೊರ್ಡೊಬಾದ ಹಳೇ ಯಹೂದಿ ಕೇರಿಯಲ್ಲಿ, ಒಂದು ಲಾಡ್ಜಿನ ಒಳಅಂಗಳದಲ್ಲಿ. ಜುಲೈ ತಿಂಗಳು. ಓಣಿಯಲ್ಲಿ ಒಂದು ನಾಯಿ ಕೂಡ ಇಲ್ಲ. ಅಂಗಡಿಗಳೆಲ್ಲ ಷಟರ್ ಎಳೆದುಕೊಂಡು ಮಲಗಿವೆ. ಎಕ್ಸೆಲ್ ನಮ್ಮ ಹುಡುಗನೇ. ಮ್ಯೂನಿಕ್‌ನಲ್ಲಿ ಕೆಲಸ. ಹದಿನೈದು ನಿಮಿಷಕ್ಕೊಂದು ಸಾಲು ಹಾಕಿ ಪ್ರವಾಸದ ಶೀಟ್ ಮಾಡಿದ್ದ. ಬಣ್ಣ ಬಣ್ಣದ ಕಾಲಂಗಳು. ಬಿಸಿಲಿಗೆ ಮಾತ್ರ ಕಾಲಂ ಇರಲಿಲ್ಲ.

"2021ರ ಆಗಸ್ಟ್‌ನಲ್ಲಿ ಇಲ್ಲಿನ ಏರ್‌ಪೋರ್ಟಿನಲ್ಲಿ 46.9 ಡಿಗ್ರಿ ದಾಖಲಾಗಿತ್ತು ಗೊತ್ತಾ?" ಎಂದರು ಮೇಷ್ಟ್ರು.

"ಮೇಷ್ಟ್ರೇ, ಇದನ್ನು ಟಿಕೆಟ್ ತೆಗೆಯುವ ಮುಂಚೆ ಹೇಳಬೇಕಿತ್ತು."

"ಯಾರೂ ಕೇಳಲಿಲ್ಲ."

ಅಂಗಳ ಮಾತ್ರ ತಣ್ಣಗಿತ್ತು. ದಪ್ಪ ಗೋಡೆ, ಅದಕ್ಕೆ ಬಿಳೀ ಸುಣ್ಣ, ಮಧ್ಯೆ ಬಾವಿ. ಗೋಡೆಯ ತುಂಬ, ಮೇಲಿನ ಮಹಡಿಯವರೆಗೂ, ಹೂವಿನ ಕುಂಡಗಳು. ಅಷ್ಟು ಮೇಲಿನ ಕುಂಡಕ್ಕೆ ನೀರು ಹೇಗೆ? ಉದ್ದನೆಯ ಕೋಲಿನ ತುದಿಗೆ ಡಬ್ಬ ಕಟ್ಟಿ ಎತ್ತಿ ಹಾಕುತ್ತಾರೆ. ಮೇ ತಿಂಗಳಲ್ಲಿ ಇಂಥ ಅಂಗಳಗಳದ್ದೇ ಹಬ್ಬ ಇಲ್ಲಿ. ಮನೆಯವರು ಬಾಗಿಲು ತೆಗೆದಿಟ್ಟು ಊರಿಗೆಲ್ಲ ತೋರಿಸುತ್ತಾರೆ. 2012ರಲ್ಲಿ ಯುನೆಸ್ಕೊ ಪಟ್ಟಿಗೂ ಈ ಹಬ್ಬ ಸೇರಿತು. ನಾವು ಬಂದದ್ದು ಜುಲೈಯಲ್ಲಿ. ಯಾಕೆಂದರೆ ಎಕ್ಸೆಲ್‌ಗೆ ರಜೆ ಸಿಕ್ಕಿದ್ದು ಆಗ.

"ಮಧ್ಯಾಹ್ನದ ಊಟದ ವಿಷಯ ಇನ್ನೂ ಮುಗಿದಿಲ್ಲ," ಎಂದಳು ಪಮ್ಮಿ.

ಆಗಿದ್ದು ಇಷ್ಟು. ಪಮ್ಮಿ ಸಸ್ಯಾಹಾರಿ. ಸಾಲ್ಮೊರೇಹೊ ತರಿಸಿದ್ದಳು. ಟೊಮೆಟೊ, ಬ್ರೆಡ್ಡು, ಬೆಳ್ಳುಳ್ಳಿ, ಆಲಿವ್ ಎಣ್ಣೆ ಹಾಕಿ ನುಣ್ಣಗೆ ರುಬ್ಬಿ ತಣ್ಣಗೆ ಕೊಡುವ ಗಟ್ಟಿ ಸೂಪು. ಈ ಊರಿನದೇ ಸ್ಪೆಷಲ್. ಬೇಡಿಕೊಂಡಂತೆ ಎರಡೆರಡು ಸಲ ಹೇಳಿದ್ದಳು, ಮಾಂಸ ಬೇಡ, ಮಾಂಸ ಬೇಡ ಅಂತ. ಬಂದ ಬಟ್ಟಲಿನ ಮೇಲೆ ಬೇಯಿಸಿದ ಮೊಟ್ಟೆಯ ಚೂರು, ಅದರ ಪಕ್ಕ ಕೆಂಪಗೆ ಹಾಮೋನ್ ಚೂರು. ಪಮ್ಮಿ ಬೆರಳು ತೋರಿಸಿದಳು. ಮಾಣಿ ಬಹಳ ಪ್ರೀತಿಯಿಂದ ಹೇಳಿದ: "ಇದು ಮಾಂಸ ಅಲ್ಲಮ್ಮ, ಹಾಮೋನ್."

"ಹಾಗಾದರೆ ಹಂದಿ ಯಾವ ಗಿಡದಲ್ಲಿ ಬಿಡುತ್ತದೆ ಅಂತ ಕೇಳಬೇಕಿತ್ತು ನೀನು," ಎಂದೆ ನಾನು.

"ಕೇಳುವಷ್ಟು ಸ್ಪ್ಯಾನಿಷ್ ಬರಬೇಕಲ್ಲ. ಕೊನೆಗೆ ಜೇನು ಸುರಿದ ಬದನೆಕಾಯಿ ಬಜ್ಜಿ ಕಾಪಾಡಿತು. ಅದೇ ಎರಡು ಪ್ಲೇಟು ತಿಂದೆ. ಚೆನ್ನಾಗಿತ್ತು ಬಿಡಿ."

"ರಾತ್ರಿ ಊಟ 7.30ಕ್ಕೆ ಅಂತ ಇದೆ," ಎಂದ ಎಕ್ಸೆಲ್, ಆಸೆ ಬಿಡದೆ.

ಮೇಷ್ಟ್ರು ನಕ್ಕರು. "7.30ಕ್ಕೆ ಹೋದರೆ ಅಡುಗೆಯವನು ಇನ್ನೂ ಮನೆಯಲ್ಲಿರುತ್ತಾನೆ. ಇಲ್ಲಿ ಒಂಬತ್ತರ ಮೇಲೇ ಊಟ. ಸೂರ್ಯ ಮುಳುಗುವುದೇ ಈಗ ಒಂಬತ್ತೂವರೆ ದಾಟಿದ ಮೇಲೆ. ಊರು ಇರುವುದು ಗ್ರೀನಿಚ್‌ಗೂ ಪಶ್ಚಿಮಕ್ಕೆ. ಗಡಿಯಾರ ಮಾತ್ರ ಜರ್ಮನಿಯದು. 1940ರಲ್ಲಿ ಸರ್ವಾಧಿಕಾರಿ ಫ್ರಾಂಕೊ ಒಂದು ಗಂಟೆ ಮುಂದೆ ತಿರುಗಿಸಿದ, ವಾಪಸ್ ತಿರುಗಿಸುವುದನ್ನು ಆಮೇಲೆ ಬಂದವರೂ ಮರೆತರು."

"ನೋಡಿದೆಯಾ? ತಪ್ಪು ಇವರದಲ್ಲ, ನಿನ್ನ ಮ್ಯೂನಿಕ್‌ನದು," ಎಂದಳು ಪಮ್ಮಿ.

ಎಕ್ಸೆಲ್ ಮುಖ ಸಣ್ಣಗಾಯಿತು. ಬೆಳಿಗ್ಗೆ ಅವನ ಶೀಟು ಒಂದು ಸಲ ಗೆದ್ದಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಮೆಸ್ಕೀತಾ, ಅಂದರೆ ಈಗ ಕ್ಯಾಥೆಡ್ರಲ್ ಆಗಿರುವ ಇಲ್ಲಿನ ಹಳೇ ಮಸೀದಿ. ಅದಕ್ಕೆ ಭಾನುವಾರ ಬಿಟ್ಟು ಉಳಿದ ದಿನ ಬೆಳಿಗ್ಗೆ 8.30ರಿಂದ ಒಂದು ಗಂಟೆ ಟಿಕೆಟ್ ಇಲ್ಲದೆ ಬಿಡುತ್ತಾರೆ. ಗುಂಪು ಕಟ್ಟಿಕೊಂಡು ಬರುವವರಿಗಿಲ್ಲ, ಗಲಾಟೆ ಮಾಡುವ ಹಾಗಿಲ್ಲ. ಆ ಒಂದು ಗಂಟೆ ಮೇಷ್ಟ್ರು ಬಾಯಿ ಮುಚ್ಚಿಕೊಂಡಿದ್ದರು. ಈಗ ಅದರ ಬಡ್ಡಿ ವಸೂಲಿ ಶುರುವಾಯಿತು.

"ಆ ಕಂಬಗಳ ಮೇಲೆ ಒಂದರ ಮೇಲೊಂದು ಎರಡು ಕಮಾನು ಯಾಕಿದೆ ಹೇಳಿ ನೋಡೋಣ."

"ಚೆಂದಕ್ಕೆ," ಎಂದೆ.

"ಗಿಡ್ಡ ಕಂಬಕ್ಕೆ! ಕಂಬಗಳೆಲ್ಲ ಸೆಕೆಂಡ್ ಹ್ಯಾಂಡ್ ಮಾಲು. ರೋಮನ್ನರದ್ದು, ಅವರ ನಂತರ ಆಳಿದ ವಿಸಿಗೋಥರದ್ದು, ಸಿಕ್ಕಿದ್ದನ್ನು ಕಿತ್ತು ತಂದರು. ಚಾವಣಿಗೆ ಎತ್ತರ ಸಾಲಲಿಲ್ಲ. ಅದಕ್ಕೆ ಕಮಾನಿನ ಮೇಲೆ ಕಮಾನು. ಕೆಂಪು ಇಟ್ಟಿಗೆ, ಬಿಳಿ ಕಲ್ಲು, ಒಂದಾದ ಮೇಲೊಂದು. ಈಗ ಉಳಿದಿರುವುದು 856 ಕಂಬ."

"ನಾನು ಎಣಿಸುತ್ತಿದ್ದೆ. ಪಮ್ಮಿ ಫೋಟೊ ತೆಗಿ ಅಂದಳು, ಲೆಕ್ಕ ತಪ್ಪಿತು," ಎಂದ ಎಕ್ಸೆಲ್. ತಮಾಷೆಗೆ ಹೇಳಿದ್ದಲ್ಲ ಅದು.

"ಶುರು ಮಾಡಿದವನು ಮೊದಲನೇ ಅಬ್ದುಲ್ ರಹಮಾನ್, 785ರ ಸುಮಾರಿಗೆ. ಡಮಾಸ್ಕಸ್‌ನಿಂದ ಆಳುತ್ತಿದ್ದ ಇವನ ವಂಶವನ್ನೇ ವೈರಿ ವಂಶದ ಅಬ್ಬಾಸಿದರು ಕತ್ತರಿಸಿ ಹಾಕಿದ್ದರು. ಇವನು ತಪ್ಪಿಸಿಕೊಂಡು ಓಡಿ ಓಡಿ ಇಲ್ಲಿ ಬಂದು ರಾಜನಾದ. ಆದರೂ ಊರಿನ ನೆನಪು ಹೋಗಲಿಲ್ಲ. ಖರ್ಜೂರದ ಮರ ನೋಡಿ, ನೀನೂ ನನ್ನ ಹಾಗೆ ಪರದೇಶಿ ಅಂತ ಪದ್ಯ ಬರೆದ."

"ನಮ್ಮ ಎಕ್ಸೆಲ್ ಬಾಲ್ಕನಿಯಲ್ಲಿ ಕರಿಬೇವಿನ ಗಿಡ ಇಟ್ಟು ಮಾತಾಡಿಸುವ ಹಾಗೆ," ಎಂದಳು ಪಮ್ಮಿ.

"ಅದು ಚಳಿಗಾಲದಲ್ಲಿ ಸತ್ತುಹೋಯಿತು," ಎಂದ ಎಕ್ಸೆಲ್. ಒಂದು ಕ್ಷಣ ಯಾರೂ ಮಾತಾಡಲಿಲ್ಲ.

ಮೇಷ್ಟ್ರಿಗೆ ಮೌನ ಅಂದರೆ ಅವಕಾಶ. "ಆಮೇಲೆ ಬಂದವರೆಲ್ಲ ದೊಡ್ಡದು ಮಾಡುತ್ತಾ ಹೋದರು. ಎರಡನೇ ಅಲ್ ಹಕಮ್ ಅಂತೂ ಬೈಜಾಂಟಿಯಂ ಚಕ್ರವರ್ತಿಯಿಂದ ಮೊಸಾಯಿಕ್ ಹರಳು ತರಿಸಿ ಮಿಹ್ರಾಬಿಗೆ, ಅಂದರೆ ಪ್ರಾರ್ಥನೆಯ ದಿಕ್ಕು ತೋರಿಸುವ ಗೋಡೆಗೂಡಿಗೆ, ಅಂಟಿಸಿದ. ಕೊನೆಗೆ ಬಂದವನು ಅಲ್ಮನ್ಸೂರ್, ಹೆಸರಿಗೆ ಮಂತ್ರಿ, ನಿಜಕ್ಕೆ ದೊರೆ. ದಕ್ಷಿಣಕ್ಕೆ ನದಿ, ಪಶ್ಚಿಮಕ್ಕೆ ಅರಮನೆ. ಪೂರ್ವಕ್ಕೆ ಎಳೆದ. ಮಿಹ್ರಾಬು ಮಧ್ಯದಿಂದ ಪಕ್ಕಕ್ಕೆ ಜಾರಿತು. ಕಮಾನುಗಳಿಗೂ ಕೆಂಪು ಇಟ್ಟಿಗೆ ಹಾಕಲಿಲ್ಲ ಮಹಾರಾಯ. ಬರೀ ಕಲ್ಲು, ಅದರ ಮೇಲೆ ಕೆಂಪು ಬಣ್ಣ!"

"ಕಂಟ್ರಾಕ್ಟರ್ ಬಿಲ್ಲಿನಲ್ಲಿ ಇಟ್ಟಿಗೆ ಅಂತಲೇ ಬರೆದಿರುತ್ತಾನೆ," ಎಂದೆ.

"ಇದೇ ಅಲ್ಮನ್ಸೂರ್ 997ರಲ್ಲಿ ಉತ್ತರದ ಕ್ರೈಸ್ತ ಯಾತ್ರಾಸ್ಥಳ ಸಾಂಟಿಯಾಗೊಗೆ ನುಗ್ಗಿ ಚರ್ಚಿನ ಗಂಟೆಗಳನ್ನು ಕ್ರೈಸ್ತ ಕೈದಿಗಳ ಹೆಗಲ ಮೇಲೆ ಹೊರಿಸಿ ಇಲ್ಲಿಗೆ ತಂದ. ಮಸೀದಿಯಲ್ಲಿ ದೀಪ ಮಾಡಿ ಹಾಕಿಸಿದ. 1236ರಲ್ಲಿ ಕ್ರೈಸ್ತ ದೊರೆ ಮೂರನೇ ಫರ್ನಾಂಡೊ ಊರು ಗೆದ್ದ. ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಅವೇ ಗಂಟೆಗಳನ್ನು ಮುಸ್ಲಿಂ ಕೈದಿಗಳ ಹೆಗಲ ಮೇಲೆ ಹೊರಿಸಿ ವಾಪಸ್ ಕಳಿಸಿದ್ದು. ಹಳೇ ಚರಿತ್ರೆಗಳಲ್ಲಿ ಹಾಗೆ ಬರೆದಿದ್ದಾರೆ."

"239 ವರ್ಷ," ಎಂದ ಎಕ್ಸೆಲ್ ತಕ್ಷಣ. "ರಿಟರ್ನ್ ಪಾಲಿಸಿ ಚೆನ್ನಾಗಿದೆ."

"ಹೊತ್ತವರನ್ನು ಯಾರೂ ಕೇಳಲಿಲ್ಲ ಅಲ್ವಾ," ಎಂದಳು ಪಮ್ಮಿ. "ಗೆದ್ದವನು ಯಾರಾದರೇನು, ಹೆಗಲು ಬಡವನದು."

ಇಲ್ಲಿಂದ ನಿಜವಾದ ಜಗಳ ಶುರುವಾಯಿತು. ಫರ್ನಾಂಡೊ ಮಸೀದಿಯನ್ನು ಚರ್ಚು ಎಂದು ಘೋಷಿಸಿದ, ಕೆಡವಲಿಲ್ಲ. ಕಂಬಗಳ ಕಾಡಿನ ಮಧ್ಯೆ ಆ ಭಾರೀ ಕ್ಯಾಥೆಡ್ರಲ್ ಎದ್ದದ್ದು ಸುಮಾರು ಮುನ್ನೂರು ವರ್ಷ ಕಳೆದ ಮೇಲೆ, 1523ರಿಂದ. ಊರಿನ ಕೌನ್ಸಿಲ್ ಅದನ್ನು ವಿರೋಧಿಸಿತ್ತು. ಮಸೀದಿಗೆ ಕೈ ಹಚ್ಚುವ ಕೆಲಸಗಾರನಿಗೆ ಮರಣದಂಡನೆ ಎಂದು ಡಂಗುರ ಸಾರಿಸಿತ್ತು. ವಿವಾದ ದೊರೆ ಐದನೇ ಚಾರ್ಲ್ಸ್ ಹತ್ತಿರ ಹೋಯಿತು. ಅವನು ಬಿಷಪ್ಪನ ಪರ ನಿಂತ.

"ಆಮೇಲೆ ಬಂದು ಕಣ್ಣಾರೆ ನೋಡಿ ನೊಂದುಕೊಂಡನಂತೆ. ಎಲ್ಲಿ ಬೇಕಾದರೂ ಕಟ್ಟಬಹುದಾದ್ದನ್ನು ಕಟ್ಟಿ, ಜಗತ್ತಿನಲ್ಲಿ ಒಂದೇ ಒಂದಿದ್ದದ್ದನ್ನು ಹಾಳು ಮಾಡಿದಿರಿ ಅಂದನಂತೆ. ದೊಡ್ಡ ಮನಸ್ಸು," ಎಂದರು ಮೇಷ್ಟ್ರು.

"ಅದೇ ಚಾರ್ಲ್ಸ್ ತಾನೇ ಗ್ರಾನಡಾದಲ್ಲಿ ಮುಸ್ಲಿಂ ದೊರೆಗಳ ಆಲಾಂಬ್ರಾ ಕೋಟೆಯೊಳಗೆ ತನಗೊಂದು ದಪ್ಪನೆಯ ಅರಮನೆ ಶುರು ಮಾಡಿದ್ದು, 1527ರಲ್ಲಿ? ಚಾವಣಿ ಮುಗಿದದ್ದು ಇಪ್ಪತ್ತನೇ ಶತಮಾನದಲ್ಲಿ. ಮೊನ್ನೆ ನೀವೇ ಹೇಳಿದಿರಿ," ಎಂದಳು ಪಮ್ಮಿ.

ಮೇಷ್ಟ್ರು ನೀರು ಕುಡಿದರು.

"ನನಗೆ ಅನ್ನಿಸುವುದು ಬೇರೆ," ಎಂದು ಪಮ್ಮಿ ಮುಂದುವರಿಸಿದಳು. "ಆ ಕ್ಯಾಥೆಡ್ರಲ್ ಇಲ್ಲದಿದ್ದರೆ ಉಳಿದದ್ದೂ ಉಳಿಯುತ್ತಿರಲಿಲ್ಲವೇನೋ. ದೇವರು ಕೂತ ಮನೆಯನ್ನು ಯಾರು ಕೆಡವುತ್ತಾರೆ?"

"ಅಂದರೆ ಹೊಟ್ಟೆಗೆ ಚಾಕು ಹಾಕಿ ಜೀವ ಉಳಿಸಿದರು ಅಂತೀಯಾ?"

"ಡಾಕ್ಟರು ಅದನ್ನೇ ಮಾಡುತ್ತಾರೆ ಮೇಷ್ಟ್ರೇ, ಆಪರೇಷನ್ ಅಂತಾರೆ."

ನಾನು ಯಾವ ಪಕ್ಷವೂ ಅಲ್ಲ. ಕತ್ತಲ ಕಂಬಗಳ ನಡುವೆ ಹೋಗುತ್ತಾ ಇದ್ದಕ್ಕಿದ್ದ ಹಾಗೆ ಬೆಳ್ಳಗೆ, ಎತ್ತರಕ್ಕೆ ತೆರೆದುಕೊಂಡಾಗ ನನಗೆ ಬೈಬೇಕು ಎನಿಸಿತು. ಜೊತೆಗೆ ಕತ್ತೆತ್ತಿ ನೋಡಬೇಕು ಎಂದೂ ಅನಿಸಿತು. ಎರಡೂ ಮಾಡಿದೆ.

ಆರು ಗಂಟೆಯ ಮೇಲೆ ಎದ್ದೆವು. ಓಣಿಯ ನೆರಳಿನಲ್ಲಿ ಯಹೂದಿ ತತ್ವಜ್ಞಾನಿ ಮೈಮೊನಿಡೀಸ್ ಪ್ರತಿಮೆ. ಕೈ ಸೋಕಿ ಸೋಕಿ ಪಾದ ಥಳಥಳ ಹೊಳೆಯುತ್ತಿದೆ. ಮುಟ್ಟಿದರೆ ಜಾಣತನ ಬರುತ್ತದೆ ಎಂಬ ನಂಬಿಕೆ. ಎಕ್ಸೆಲ್ ಎರಡೂ ಕೈಯಲ್ಲಿ ಸವರಿದ.

"ಇವರು ಹುಟ್ಟಿದ್ದಷ್ಟೇ ಇಲ್ಲಿ," ಎಂದರು ಮೇಷ್ಟ್ರು. "ಉತ್ತರ ಆಫ್ರಿಕಾದ ಕಟ್ಟರ್ ಮುಸ್ಲಿಂ ದೊರೆಗಳು, ಅಲ್ಮೊಹಾದರು, ಬಂದ ಮೇಲೆ ಯಹೂದಿಗಳು ಇರುವ ಹಾಗಿರಲಿಲ್ಲ. ಊರು ಬಿಟ್ಟರು, ಈಜಿಪ್ಟಿನಲ್ಲಿ ತೀರಿಕೊಂಡರು. ಕೋಟೆ ಗೋಡೆಯ ಹತ್ತಿರ ಮುಸ್ಲಿಂ ತತ್ವಜ್ಞಾನಿ ಅವೆರೋಸ್ ಪ್ರತಿಮೆ ಇದೆ. ಅವರನ್ನೂ ಗಡಿಪಾರು ಮಾಡಿದ್ದರು, ಸತ್ತದ್ದು ಮರಾಕೆಶ್‌ನಲ್ಲಿ. ರೋಮನ್ ತತ್ವಜ್ಞಾನಿ ಸೆನೆಕಾ ಪ್ರತಿಮೆಯೂ ಇದೆ. ಚಿಕ್ಕವನಿದ್ದಾಗಲೇ ರೋಮ್‌ಗೆ ಹೋದ. ಅಲ್ಲಿ ಚಕ್ರವರ್ತಿ ನೀರೋ ಅವನಿಗೆ ಸಾಯಲು ಹೇಳಿ ಕಳಿಸಿದ."

"ಅಂದರೆ ಈ ಊರಲ್ಲಿ ಪ್ರತಿಮೆ ಬೇಕಾದರೆ ಮೊದಲು ಊರು ಬಿಡಬೇಕು," ಎಂದಳು ಪಮ್ಮಿ.

ಎಕ್ಸೆಲ್ ಕಣ್ಣರಳಿಸಿದ. "ನಾನೂ ಬೆಂಗಳೂರು ಬಿಟ್ಟಿದ್ದೇನಲ್ಲ. ನನ್ನದು ಯಾವಾಗ?"

"ಬಿಟ್ಟರೆ ಸಾಲದು ಕಣೋ. ಯಾರಾದರೂ ಓಡಿಸಿರಬೇಕು."

"ಔಟರ್ ರಿಂಗ್ ರೋಡ್ ಟ್ರಾಫಿಕ್ ಲೆಕ್ಕಕ್ಕೆ ಬರುತ್ತದಾ?"

ಮೇಷ್ಟ್ರು ನಿಂತು ಯೋಚಿಸಿದರು. "ಬರುತ್ತದೆ," ಎಂದರು. "ಆದರೆ ಆ ಲೆಕ್ಕದಲ್ಲಿ ಹೋದರೆ ಪ್ರತಿಮೆ ನಿಲ್ಲಿಸಲು ಬೆಂಗಳೂರಲ್ಲಿ ಜಾಗ ಸಾಲುವುದಿಲ್ಲ."