ಹಳೆಯ ಏರೋಬ್ರಿಡ್ಜ್‌ಗಳ ಬದಲಾವಣೆ: ವಿಮಾನ ನಿಲ್ಲುವ ಯಾವ ಸ್ಟ್ಯಾಂಡಿನಿಂದ ಆರಂಭಿಸಬೇಕು?

ಪ್ರಶ್ನೆ (ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು)

ಎಲ್ಲರಿಗೂ ನಮಸ್ಕಾರ. ಹೊರರಾಜ್ಯದ ಒಂದು ವಿಮಾನ ನಿಲ್ದಾಣದ ಆರು ಏರೋಬ್ರಿಡ್ಜ್‌ಗಳನ್ನು (ಟರ್ಮಿನಲ್ ಕಟ್ಟಡದಿಂದ ವಿಮಾನದ ಬಾಗಿಲವರೆಗೆ ಚಾಚುವ ಮುಚ್ಚಿದ ಸೇತುವೆಗಳನ್ನು) ಪರಿಶೀಲಿಸಿ, ಬದಲಾವಣೆಯ ಯೋಜನೆ ತಯಾರಿಸುವ ಕೆಲಸ ನಮ್ಮ ಸಣ್ಣ ಸಂಸ್ಥೆಗೆ ಬಂದಿದೆ. ನಮ್ಮ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ಇದನ್ನು ನೋಡಿ ಕಲಿಯುವಂತಿಲ್ಲ. 1,740 ಮೀಟರ್ ರನ್‌ವೇಯಲ್ಲಿ ಇಳಿಯುವ ಎಟಿಆರ್ 72 ವಿಮಾನದ ಪ್ರಯಾಣಿಕರ ಬಾಗಿಲು ಹಿಂಭಾಗದಲ್ಲಿದ್ದು, ಬಾಗಿಲಲ್ಲೇ ಮೆಟ್ಟಿಲೂ ಇರುವುದರಿಂದ ಜನ ನೇರವಾಗಿ ನೆಲಕ್ಕಿಳಿದು ನಡೆದುಬರುತ್ತಾರೆ.

ಆ ನಿಲ್ದಾಣದ ಸೇತುವೆಗಳು ಎರಡು ಹಂತಗಳಲ್ಲಿ ಅಳವಡಿಸಿದವು, ಮೊದಲ ಹಂತದವಕ್ಕೆ ಇಪ್ಪತ್ತು ವರ್ಷ ಸಮೀಪಿಸುತ್ತಿದೆ. ಹಳೆಯದನ್ನು ಮೊದಲು ತೆಗೆಯುವ ಕ್ರಮದಲ್ಲಿ, ಒಂದೇ ಟೆಂಡರಿನಲ್ಲಿ ಎಲ್ಲವನ್ನೂ ಬದಲಿಸೋಣ ಎಂಬುದು ಅಲ್ಲಿನವರ ಅಭಿಪ್ರಾಯ. ಈ ಕ್ರಮ ಸರಿಯೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1 (ನಿವೃತ್ತ ಮೆಕ್ಯಾನಿಕಲ್ ಇಂಜಿನಿಯರ್, ಮಂಡ್ಯ)

ವಯಸ್ಸನ್ನು ನೋಡಿ ಕ್ರಮ ನಿರ್ಧರಿಸಬೇಡಿ. ಒಂದೇ ದಿನ ಅಳವಡಿಸಿದ ಎರಡು ಸೇತುವೆಗಳಲ್ಲೂ ದಿನಕ್ಕೆ ಹತ್ತು ವಿಮಾನಗಳಿಗೆ ಜೋಡಿಸುವುದು ಮೂರಕ್ಕೆ ಜೋಡಿಸುವುದಕ್ಕಿಂತ ಎಷ್ಟೋ ಬೇಗ ಸವೆಯುತ್ತದೆ.

ಮೊದಲು ನೆಲಹಾಸನ್ನು ಎತ್ತಿಸಿ ನೋಡಿ. ಸೇತುವೆಯ ಒಂದು ಟನಲ್ (ಜನ ನಡೆಯುವ ಕೊಳವೆಯಂಥ ಭಾಗ) ಇನ್ನೊಂದರೊಳಗೆ ಸರಿಯುವ ಜಾಗದಲ್ಲಿ ಸೋರಿದ ಮಳೆನೀರು ಹಾಸಿನ ಕೆಳಗೇ ನಿಂತು, ಮೇಲೆ ನಡೆಯುವವರಿಗೆ ಸುಳಿವೂ ಸಿಗದಂತೆ ಉಕ್ಕಿನ ಹಾಳೆಯನ್ನು ವರ್ಷಗಟ್ಟಲೆ ತಿನ್ನುತ್ತಿರುತ್ತದೆ. ಹೊರಗಿನ ಬಣ್ಣ ಮಾತ್ರ ಹೊಸದರಂತೆ ಹೊಳೆಯುತ್ತದೆ. ಅಲ್ಟ್ರಾಸಾನಿಕ್ ಮೀಟರಿನಿಂದ ಅಲ್ಲಲ್ಲಿ ದಪ್ಪ ಅಳೆದು, ಮೂಲ ನಕ್ಷೆಯ ಅಳತೆಯೊಂದಿಗೆ ಹೋಲಿಸಿ. ಆಮೇಲೆ ಎತ್ತುವ ಕಂಬಗಳ ಒಳಗಿನ ಬಾಲ್ ಸ್ಕ್ರೂ ಮತ್ತು ನಟ್ಟಿನ ಸವೆತವನ್ನೂ, ಎರಡು ಕಂಬಗಳು ಸಮವಾಗಿ ಏರಿಳಿಯುತ್ತವೆಯೇ ಎಂಬುದನ್ನೂ ಗಮನಿಸಿ.

ಆಟೋ ಲೆವೆಲರ್ ವಿಷಯದಲ್ಲಿ ಯಾವ ರಿಯಾಯಿತಿಯೂ ಬೇಡ. ಇಂಧನ, ಸಾಮಾನು ತುಂಬಿದಂತೆ ವಿಮಾನ ತಗ್ಗುತ್ತದೆ. ಅದರ ಮೈಗೆ ಒರಗಿರುವ ಲೆವೆಲರಿನ ಪುಟ್ಟ ಗಾಲಿ ಇದನ್ನು ಗ್ರಹಿಸಿ, ಸೇತುವೆಯ ತುದಿಯ ಕೋಣೆಯಾದ ಕ್ಯಾಬನ್ನೂ ಜೊತೆಯಲ್ಲೇ ಇಳಿಸಬೇಕು. ಅದು ತಡಮಾಡಿದರೆ ವಿಮಾನದ ತೆರೆದ ಬಾಗಿಲು ಕ್ಯಾಬಿನ ನೆಲದ ಮೇಲೆ ಕೂತು, ಹಿಂಜ್ ಹಾಳಾಗುತ್ತದೆ.

ಉಕ್ಕು ಗಟ್ಟಿಯಾಗಿದ್ದು, ಚಲನೆ ನಿಯಂತ್ರಿಸುವ ಕಂಪ್ಯೂಟರಾದ ಪಿಎಲ್‌ಸಿ ಮತ್ತು ಕೇಬಲ್‌ಗಳಷ್ಟೇ ಹಳತಾಗಿದ್ದರೆ ಅವನ್ನು ಬದಲಿಸಿ ಆ ಸೇತುವೆಯನ್ನು ಇನ್ನೂ ಕೆಲವು ವರ್ಷ ನಡೆಸಬಹುದು. ಉಕ್ಕೇ ತೆಳುವಾಗಿದ್ದರೆ ದುರಸ್ತಿಗೆ ಹಣ ಸುರಿಯಬೇಡಿ.

ಉತ್ತರ 2 (ಸ್ಟ್ರಕ್ಚರಲ್ ಇಂಜಿನಿಯರ್, ಕುವೆಂಪುನಗರ, ಮೈಸೂರು)

ಮೇಲಿನ ಸರ್ ಹೇಳಿದ್ದು ಸರಿ, ಆದರೆ ತಳಪಾಯವನ್ನು ಮರೆಯಬೇಡಿ. ರೊಟಂಡಾ (ಸೇತುವೆ ತಿರುಗುವ, ಟರ್ಮಿನಲ್ ಕಡೆಯ ತುದಿ) ಕಂಬದ ಬುಡದಲ್ಲಿರುವ ಆಂಕರ್ ಬೋಲ್ಟುಗಳ ಜೋಡಣೆ ಒಬ್ಬ ತಯಾರಕರಂತೆ ಇನ್ನೊಬ್ಬರದ್ದು ಇರುವುದಿಲ್ಲ. ಹಳೆಯ ಬೋಲ್ಟುಗಳು ಗಟ್ಟಿಯಾಗಿದ್ದರೆ ನಡುವೆ ಉಕ್ಕಿನ ಅಡಾಪ್ಟರ್ ಫಲಕ ಕೂರಿಸಬಹುದು. ಇಲ್ಲದಿದ್ದರೆ ಹೊಸ ತಳಪಾಯ ಹಾಕಬೇಕಾಗುತ್ತದೆ. ಆಗ ಕೇಬಲ್, ಚರಂಡಿ, ಇಂಧನದ ಕೊಳವೆಗಳ ನಡುವೆ ಅಗೆಯಬೇಕು, ಕಾಂಕ್ರೀಟಿಗೆ ಸಾಮಾನ್ಯವಾಗಿ 28 ದಿನಗಳ ಬಲ ಬರುವವರೆಗೂ ಕಾಯಬೇಕು. ಗಾಜಿನ ಗೋಡೆಯ ಸೇತುವೆ ಕೇಳಿದರೆ ಹೊರೆಯನ್ನು ಮತ್ತೆ ಲೆಕ್ಕ ಹಾಕಿಸಿ. ಕೆಳಗೆ ಚೆಲ್ಲಿದ ಇಂಧನಕ್ಕೆ ಬೆಂಕಿ ಹತ್ತಿದರೂ ಐದು ನಿಮಿಷ ಜನ ಸುರಕ್ಷಿತವಾಗಿ ಹೊರಬರುವಂತಿರಬೇಕು ಎನ್ನುವ, ಅಮೆರಿಕದ ಅಗ್ನಿಸುರಕ್ಷತಾ ಮಾನದಂಡ ಎನ್‌ಎಫ್‌ಪಿಎ 415ರ ನಿಯಮವನ್ನು ಟೆಂಡರಿನಲ್ಲಿ ಸೇರಿಸಿ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ಹಾಗಾದರೆ ಸ್ಥಿತಿ ತೀರಾ ಕೆಟ್ಟಿರುವ ಸೇತುವೆಯಿಂದ ಆರಂಭಿಸಬೇಕೆಂದು ಬರೆಯಬಹುದೇ?

ಉತ್ತರ 3 (ಏಪ್ರನ್, ಅಂದರೆ ವಿಮಾನ ನಿಲ್ಲುವ ಅಂಗಳದ ಕಾರ್ಯಾಚರಣೆಯಲ್ಲಿರುವವರು, ಮೂಲ ಶ್ರೀರಂಗಪಟ್ಟಣ)

ಅದು ಅಪಾಯದ ಸ್ಥಿತಿಯಲ್ಲಿದ್ದರೆ ಇಂದೇ ಬಳಕೆ ನಿಲ್ಲಿಸಬೇಕು, ಅದಕ್ಕೆ ಯೋಜನೆಯನ್ನು ಕಾಯಬಾರದು. ಉಳಿದವುಗಳ ಕ್ರಮವನ್ನು ಸ್ಟ್ಯಾಂಡುಗಳ ವೇಳಾಪಟ್ಟಿ ನಿರ್ಧರಿಸಲಿ. ಕ್ರೇನ್ ತಂದು ನಿಲ್ಲಿಸಿದಾಗ ಪಕ್ಕದ ಸ್ಟ್ಯಾಂಡಿಗೂ ತೊಂದರೆಯಾಗಬಹುದು, ಕ್ರೇನಿನ ಎತ್ತರಕ್ಕೆ ಮುಂಚಿತವಾಗಿ ಅನುಮತಿ ಬೇಕು, ಅಷ್ಟು ದಿನ ಆ ವಿಮಾನಗಳ ಪ್ರಯಾಣಿಕರನ್ನು ದೂರದ ಸ್ಟ್ಯಾಂಡಿನಿಂದ ಬಸ್ಸಿನಲ್ಲಿ ಸಾಗಿಸಬೇಕು. ಆದ್ದರಿಂದ ರಜಾ ದಿನಗಳ ದಟ್ಟಣೆಯನ್ನೂ, ವೆಲ್ಡಿಂಗ್ ಮತ್ತು ಬಣ್ಣದ ಕೆಲಸ ಕೆಡಿಸುವ ಮಳೆಗಾಲವನ್ನೂ ಬಿಟ್ಟು, ಒಂದು ಸಲಕ್ಕೆ ಒಂದೇ ಸ್ಟ್ಯಾಂಡ್ ಮುಚ್ಚಿ.

ಇನ್ನೊಂದು ಮುಖ್ಯ ವಿಷಯ: ಮುಂದೆ ಬರಲಿರುವ ವಿಮಾನಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಸೇತುವೆಯ ಉದ್ದ ನಿರ್ಧರಿಸಿ. ಬೋಯಿಂಗ್ 737ರ ಮುಂಬಾಗಿಲ ಹೊಸ್ತಿಲು ಏರ್‌ಬಸ್ ಎ320ರದ್ದಕ್ಕಿಂತ ಅರ್ಧ ಮೀಟರಿಗೂ ಹೆಚ್ಚು ಕೆಳಗಿರುತ್ತದೆ. ಸೇತುವೆ ಗಿಡ್ಡವಾದರೆ ಇಳಿಜಾರು 1:12ನ್ನು ಮೀರುತ್ತದೆ. ಗಾಲಿಕುರ್ಚಿ ತಳ್ಳುವವರ ಪಾಡನ್ನು ನಾನು ದಿನವೂ ನೋಡುತ್ತೇನೆ, ವಯಸ್ಸಾದವರು ಕೈಕಂಬಿ ಹಿಡಿದು ಅರ್ಧದಲ್ಲೇ ನಿಲ್ಲುತ್ತಾರೆ. ನಿಂತ ವಿಮಾನಕ್ಕೆ ಕೊಡಲು ಸೇತುವೆಗೆ ಅಳವಡಿಸಿರುವ 400 ಹರ್ಟ್ಜ್ ವಿದ್ಯುತ್ ಮತ್ತು ತಂಪುಗಾಳಿಯ ಉಪಕರಣಗಳನ್ನೂ ಇದೇ ಯೋಜನೆಗೆ ಸೇರಿಸಿ, ಇಲ್ಲವಾದರೆ ಅವುಗಳಿಗಾಗಿ ಅದೇ ಸ್ಟ್ಯಾಂಡನ್ನು ಮತ್ತೊಮ್ಮೆ ಮುಚ್ಚಬೇಕಾಗುತ್ತದೆ.

ಉತ್ತರ 4 (ಮಂಡ್ಯ)

ಒಂದು ಮಾತು ಸೇರಿಸುತ್ತೇನೆ. ಮೊದಲು ಕಳಚುವ ಸೇತುವೆಯ ಪಿಎಲ್‌ಸಿ ಕಾರ್ಡು, ಮೋಟಾರು, ಚೆನ್ನಾಗಿರುವ ಗಾಲಿಗಳನ್ನು ಗುಜರಿಗೆ ಬಿಡಬೇಡಿ. ಕೊನೆಯ ಹಳೆಯ ಸೇತುವೆಯ ಸರದಿ ಬರುವವರೆಗೆ ಉಳಿದವು ಓಡಬೇಕಾದದ್ದು ಆ ಬಿಡಿಭಾಗಗಳಿಂದಲೇ. ಅವು ನಿಲ್ದಾಣದ ಉಗ್ರಾಣಕ್ಕೆ ಸೇರಬೇಕೆಂದು ಟೆಂಡರಿನಲ್ಲೇ ಸ್ಪಷ್ಟವಾಗಿ ಬರೆಯಿರಿ, ಇಲ್ಲದಿದ್ದರೆ ಗುತ್ತಿಗೆದಾರರ ಲಾರಿಯಲ್ಲಿ ಹೊರಟುಹೋಗುತ್ತವೆ.