ಸಹಾಯ ಬೇಕು: ಅಪ್ಪನ ಕಾಲಿನ ಡಾಪ್ಲರ್ ರಿಪೋರ್ಟ್ ಅರ್ಥ ಆಗ್ತಿಲ್ಲ

ನಮಸ್ಕಾರ. ನಾವು ಗಂಗಾವತಿ ಹತ್ತಿರದ ಹಳ್ಳಿಯವರು. ಅಪ್ಪನಿಗೆ 64 ವರ್ಷ, ಸಕ್ಕರೆ ಕಾಯಿಲೆ ಹಳೆಯದು. ಭತ್ತದ ಗದ್ದೆಯಲ್ಲಿ ಬಲಗಾಲಿನ ಹೆಬ್ಬೆರಳಿಗಾದ ಗಾಯ ಆರು ವಾರವಾದರೂ ಮಾಯುತ್ತಿಲ್ಲ. ಡ್ರೆಸ್ಸಿಂಗ್, ಆಂಟಿಬಯಾಟಿಕ್ ಎಲ್ಲಾ ಆಯಿತು.

ಮೊದಲು ತೋಳಿಗೂ ಕಣಕಾಲಿಗೂ ಪಟ್ಟಿ ಕಟ್ಟಿ ಬಿಪಿ ನೋಡಿದರು. ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದ ಅನುಪಾತ 1.4 ಬಂತು, 'ರಕ್ತ ಚೆನ್ನಾಗೇ ಹರಿಯುತ್ತಿದೆ' ಎಂದರು. ಸಮಾಧಾನ ಆಗದೆ ಬಳ್ಳಾರಿಯಲ್ಲಿ ಡಾಪ್ಲರ್ (ಶಬ್ದದ ಅಲೆಗಳಿಂದ ರಕ್ತದ ಹರಿವು ನೋಡುವ ಪರೀಕ್ಷೆ) ಮಾಡಿಸಿದೆವು. ತಣ್ಣನೆಯ ಜೆಲ್ ತಾಗಿದ್ದೇ ಅಪ್ಪ ಕಾಲು ಎಳೆದುಕೊಂಡರು. ಎಡಗಾಲಿಗೆ ಇಟ್ಟಾಗ ಚಾಟಿ ಬೀಸಿದ ಹಾಗೆ ಚುರುಕು ಸದ್ದು. ಬಲಗಾಲಿಗೆ ಸುಮ್ನೆ ಗಾಳಿ ಊದಿದ ಹಾಗೆ. ನನಗೇ ವ್ಯತ್ಯಾಸ ಗೊತ್ತಾಯಿತು ಅಂದ್ರೆ ನೋಡಿ! ರಿಪೋರ್ಟಲ್ಲಿ ಎಡಕ್ಕೆ 'ಟ್ರೈಫೇಸಿಕ್' (ಮೂರು ಹಂತದ ಅಲೆ, ಸಹಜ ಹರಿವು), ಬಲಕ್ಕೆ 'ಮೋನೋಫೇಸಿಕ್' (ಒಂದೇ ಹಂತದ ಅಲೆ, ಹರಿವಿಗೆ ಅಡ್ಡಿ ಇರಬಹುದು) ಎಂದಿದೆ.

ಸಕ್ಕರೆಯವರ ರಕ್ತನಾಳ ಗಟ್ಟಿಯಾಗಿ, ಪಟ್ಟಿ ಬಿಗಿದರೂ ಅಮುಕದೆ, ಬಿಪಿ ಅಂಕಿ ಸುಳ್ಳೇ ಜಾಸ್ತಿ ಬರಬಹುದಂತೆ. ಇತ್ತ ಡಾಪ್ಲರಲ್ಲೂ ಶಬ್ದದ ಅಲೆಗೂ ರಕ್ತದ ಹರಿವಿಗೂ ನಡುವಿನ ಕೋನ 60 ಡಿಗ್ರಿ ದಾಟಿದರೆ ವೇಗದ ಲೆಕ್ಕ ತಪ್ಪುತ್ತದಂತೆ. ಇಲ್ಲೇ ನಾನು ಸಿಕ್ಕಿಹಾಕಿಕೊಂಡಿರುವುದು. ಊರಿನ ಡಾಕ್ಟರು 'ಇನ್ನೊಂದು ತಿಂಗಳು ಕಾಯಿರಿ' ಅಂತಾರೆ. ಬೆರಳು ಕಪ್ಪಾಗುವವರೆಗೆ ಕಾಯೋಕಾಗುತ್ತಾ?

ಗೊತ್ತಿರುವವರು ಹೇಳಿ: ಅನುಪಾತ 1.4 ಇದ್ದೂ ಮೋನೋಫೇಸಿಕ್ ಬಂದರೆ ಯಾವುದನ್ನು ನಂಬಬೇಕು? ಈಗಲೇ ರಕ್ತನಾಳದ ಸರ್ಜನ್ ಹತ್ತಿರ ಕರೆದುಕೊಂಡು ಹೋಗಬೇಕಾ?