ಏರ್ ಕಂಪ್ರೆಸರ್‌ಗೆ ಸಿಂಗಲ್ ಫೇಸ್ ಮೋಟರ್ ಸಾಕಾ, ತ್ರೀ ಫೇಸೇ ಬೇಕಾ?

ಪ್ರಶ್ನೆ: ಸರ್, ವರ್ಕ್‌ಶಾಪಿಗೆ 3 ಎಚ್‌ಪಿ ಏರ್ ಕಂಪ್ರೆಸರ್ ತಗೋಬೇಕು. ಈಗಿರೋದು ಸಿಂಗಲ್ ಫೇಸ್, 230 ವೋಲ್ಟ್. ತ್ರೀ ಫೇಸ್ ಮೋಟರಿಗೆ ಪವರ್ ಜಾಸ್ತಿ, ಬಿಲ್ ಕಡಿಮೆ ಅಂತಾರೆ. ನಿಜವಾ?

ಉತ್ತರ (ಮೋಟರ್ ರಿವೈಂಡಿಂಗ್ ಮಾಡುವವರು): ಪವರ್ ಜಾಸ್ತಿ ಅನ್ನೋದು ಸುಳ್ಳು. 3 ಎಚ್‌ಪಿ ಅಂದ್ರೆ ಎರಡರಲ್ಲೂ ಶಾಫ್ಟಿಗೆ ಸಿಗೋದು ಸುಮಾರು 2.2 ಕಿಲೋವ್ಯಾಟೇ. ಬಿಲ್ಲಲ್ಲಿ ಸ್ವಲ್ಪ ಉಳಿಯುತ್ತೆ, ಅಷ್ಟಕ್ಕೇ ಕನೆಕ್ಷನ್ ಬದಲಾಯಿಸೋದು ಬೇಡ.

ನೋಡಬೇಕಾದ್ದು ಸ್ಟಾರ್ಟಿಂಗ್. ತ್ರೀ ಫೇಸಲ್ಲಿ ಕಾಂತಕ್ಷೇತ್ರ ತಾನಾಗೇ ತಿರುಗುತ್ತೆ, ರೋಟರ್ (ಒಳಗೆ ತಿರುಗೋ ಭಾಗ) ಅದರ ಹಿಂದೆ ಓಡುತ್ತೆ. ಸಿಂಗಲ್ ಫೇಸಿನ ಕ್ಷೇತ್ರ ಹಾಗೆ ತಿರುಗಲ್ಲ, ನಿಂತಲ್ಲೇ ಏರಿಳಿಯುತ್ತೆ. ಅದಕ್ಕೇ ಬೇರೆ ಸ್ಟಾರ್ಟಿಂಗ್ ವೈಂಡಿಂಗು (ತಂತಿ ಸುತ್ತು), ಕೆಪಾಸಿಟರು, ಸ್ಪೀಡ್ ಬಂದ ಮೇಲೆ ಅವನ್ನ ಕಟ್ ಮಾಡೋ ಸೆಂಟ್ರಿಫ್ಯೂಗಲ್ ಸ್ವಿಚ್ಚು. ಸುಟ್ಟ ಮೋಟರ್ ಬಿಚ್ಚಿದಾಗ ಎಷ್ಟೋ ಸಲ ಕಾಣೋದು ಇದೇ: ಸ್ವಿಚ್ಚಿನ ಪಾಯಿಂಟ್ ಕಪ್ಪಾಗಿ ಅಂಟಿಕೊಂಡಿರುತ್ತೆ, ರನ್ನಿಂಗ್ ವೈಂಡಿಂಗ್ ಚೆನ್ನಾಗೇ ಇರುತ್ತೆ, ಸ್ಟಾರ್ಟಿಂಗ್ ವೈಂಡಿಂಗ್ ಮಾತ್ರ ಕರಕಲು. ಕಂಪ್ರೆಸರ್ ದಿನವಿಡೀ ಆನ್ ಆಫ್ ಆಗ್ತಾನೇ ಇರುತ್ತೆ. ಪ್ರತಿ ಸ್ಟಾರ್ಟಿಗೂ ಆ ಪಾಯಿಂಟ್ ಸವೀತದೆ.

ಕರೆಂಟ್ ಲೆಕ್ಕನೂ ಹಾಕಿ. ಸಿಂಗಲ್ ಫೇಸಲ್ಲಿ ಫುಲ್ ಲೋಡಿಗೆ ಸುಮಾರು 15 ಆಂಪ್ಸ್. 415 ವೋಲ್ಟ್ ತ್ರೀ ಫೇಸಲ್ಲಿ ಲೈನಿಗೆ 5 ಆಂಪ್ಸ್ ಆಸುಪಾಸು. ಸ್ಟಾರ್ಟ್ ಆಗುವಾಗ ಇದರ ಐದಾರು ಪಟ್ಟು ಎಳೆಯುತ್ತೆ. ವೈರ್ ಸಣ್ಣದಿದ್ದು ವೋಲ್ಟೇಜ್ 10% ಬಿದ್ದರೆ ಟಾರ್ಕ್ (ತಿರುಗಿಸೋ ಬಲ) ಸುಮಾರು 19% ಬೀಳುತ್ತೆ. ಆಗ ಮೋಟರ್ ಗುಂಯ್‌ಗುಟ್ಟುತ್ತಾ ಏಳೋದೇ ಇಲ್ಲ. ಒಂದು ಎಚ್‌ಪಿ ಒಳಗಿನದಾಗಿದ್ದರೆ ಸಿಂಗಲ್ ಫೇಸೇ ತಗೊಳ್ಳಿ ಅಂತಿದ್ದೆ. ನಿಮ್ಮದಕ್ಕೆ ತ್ರೀ ಫೇಸ್.

ಪ್ರಶ್ನೆ: ಆದ್ರೆ ಸದ್ಯಕ್ಕೆ ತ್ರೀ ಫೇಸ್ ಲೈನ್ ಸಿಗಲ್ಲ ಸರ್.

ಉತ್ತರ: ಹಾಗಾದ್ರೆ ಸಿಂಗಲ್ ಫೇಸ್ ಇನ್‌ಪುಟ್ಟಿನ ಡ್ರೈವ್ (ವಿಎಫ್‌ಡಿ, ಮೋಟರಿನ ಸ್ಪೀಡ್ ಹೆಚ್ಚು ಕಡಿಮೆ ಮಾಡೋ ಎಲೆಕ್ಟ್ರಾನಿಕ್ ಪೆಟ್ಟಿಗೆ) ಹಾಕಿ. 230 ವೋಲ್ಟ್ ಒಳಗೆ ತಗೊಂಡು 230 ವೋಲ್ಟೇ ತ್ರೀ ಫೇಸ್ ಆಗಿ ಕೊಡುತ್ತೆ. ಹಾಗಾಗಿ ಮೋಟರ್ ಡೆಲ್ಟಾದಲ್ಲಿ (ಮೂರು ವೈಂಡಿಂಗನ್ನ ತ್ರಿಕೋನವಾಗಿ ಜೋಡಿಸೋದು) 230ಕ್ಕೆ ಓಡೋದಾಗಿರಬೇಕು. ಮೋಟರಿನ ಪ್ಲೇಟಲ್ಲಿ 415 ಸ್ಟಾರ್ (ಮೂರರ ಒಂದೊಂದು ತುದಿ ಒಂದೇ ಕಡೆ ಸೇರಿಸೋದು) ಅಂತ ಮಾತ್ರ ಇದ್ರೆ ಟರ್ಮಿನಲ್ ಬಾಕ್ಸ್ ತೆಗೆದು ವೈಂಡಿಂಗಿನ ಆರು ತುದಿ ಹೊರಗೆ ಬಂದಿದೆಯಾ ನೋಡಿ, ಬಂದಿದ್ರೆ ಡೆಲ್ಟಾ ಮಾಡಬಹುದು. ಡ್ರೈವ್ ನಿಧಾನಕ್ಕೆ ಎತ್ತೋದ್ರಿಂದ ಸ್ಟಾರ್ಟಿಂಗ್ ಏಟೂ ಇರಲ್ಲ. ಪ್ರೆಶರ್ ಸ್ವಿಚ್ಚಿನ (ಟ್ಯಾಂಕಿನ ಒತ್ತಡ ನೋಡಿ ಮೋಟರ್ ಆನ್ ಆಫ್ ಮಾಡೋದು) ವೈರ್ ಡ್ರೈವಿನ ಕಂಟ್ರೋಲ್ ಟರ್ಮಿನಲ್ಲಿಗೆ ಹೋಗಬೇಕು, ಡ್ರೈವಿಗೂ ಮೋಟರಿಗೂ ನಡುವೆ ಹಾಕಬೇಡಿ. ಡ್ರೈವ್ ಇದೆ ಅಂತ ಸ್ಪೀಡ್ ತೀರಾ ಇಳಿಸಲೂಬೇಡಿ, ಆಯಿಲ್ ಚಿಮ್ಮಿಸಿಕೊಂಡು ಓಡೋ ಕಂಪ್ರೆಸರಾದ್ರೆ ಮೇಲಕ್ಕೆ ಆಯಿಲ್ ಹತ್ತಲ್ಲ.

ಇನ್ನೊಬ್ಬರು: ನಮ್ಮಲ್ಲಿ ತ್ರೀ ಫೇಸ್ ಇದೆ ಸರ್, ಆಗಾಗ ಒಂದು ಫೇಸ್ ಹೋಗುತ್ತೆ. ಮೋಟರಿಗೆ ತೊಂದರೆಯಾ?

ಉತ್ತರ: ಓಡ್ತಿರೋ ಮೋಟರ್ ನಿಲ್ಲಲ್ಲ, ಅದೇ ಅಪಾಯ. ಉಳಿದೆರಡು ಫೇಸಲ್ಲಿ ಕರೆಂಟ್ ಏರಿ ವೈಂಡಿಂಗ್ ಸುಡುತ್ತೆ. ಓವರ್‌ಲೋಡ್ ರಿಲೇಯನ್ನ (ಕರೆಂಟ್ ಜಾಸ್ತಿಯಾದ್ರೆ ಮೋಟರ್ ಆಫ್ ಮಾಡೋದು) ಪ್ಲೇಟಿನ ಆಂಪ್ಸಿಗೆ ಸೆಟ್ ಮಾಡಿ, ಜೊತೆಗೆ ಸಿಂಗಲ್ ಫೇಸ್ ಪ್ರಿವೆಂಟರ್ (ಒಂದು ಫೇಸ್ ಹೋದ್ರೆ ಮೋಟರ್ ಆಫ್ ಮಾಡೋದು) ಹಾಕಿಸಿ.